ದೂರದರ್ಶನದ ಅಲೆಯೊಳಗಿನ ಗಡಿಯಾರ

1975ರ ಆಗಸ್ಟ್ 1ರಂದು ಎಟಿಎಸ್-6 ಉಪಗ್ರಹದ ಮೂಲಕ ಆರು ರಾಜ್ಯಗಳ ಸುಮಾರು 2400 ಹಳ್ಳಿಗಳಿಗೆ ಟಿವಿ ಪ್ರಸಾರ ಆರಂಭವಾಯಿತು. ‘ಸೈಟ್’ ಎಂಬ ಈ ಪ್ರಯೋಗಕ್ಕೆ ಕರ್ನಾಟಕದಲ್ಲಿ ಆಯ್ಕೆಯಾದವು ಗುಲ್ಬರ್ಗಾ, ರಾಯಚೂರು ಮತ್ತು ಬಿಜಾಪುರ ಜಿಲ್ಲೆಗಳು. ಒಂದು ಚಿತ್ರದ ಜೊತೆ ಎರಡು ಧ್ವನಿವಾಹಿನಿಗಳನ್ನು ಕಳಿಸುವ ಏರ್ಪಾಡು ಅದರಲ್ಲಿತ್ತು. ಇವನ್ನು ಹೊಂದಿಸಲು ಟಿವಿಯಲ್ಲಿ ಬೇರೆ ಗಡಿಯಾರ ಬೇಕಿರಲಿಲ್ಲ. ನಮ್ಮ ಅನಲಾಗ್ ಪ್ರಸಾರದಲ್ಲಿ ಸೆಕೆಂಡಿಗೆ 25 ಚಿತ್ರಗಳು, ಚಿತ್ರಕ್ಕೆ 625 ಗೆರೆಗಳು. ಪ್ರತಿ ಗೆರೆಯ ಆರಂಭಕ್ಕೂ ಒಂದು ಮಿಡಿತ. ಸೆಕೆಂಡಿಗೆ 15,625 ಬಾರಿ ಬರುವ ಆ ಮಿಡಿತವೇ ಗಡಿಯಾರ.

2004ರ ಡಿಸೆಂಬರ್‌ನಲ್ಲಿ ದೂರದರ್ಶನದ ಡಿಡಿ ಡೈರೆಕ್ಟ್ ಪ್ಲಸ್ ಸೇವೆ ಉದ್ಘಾಟನೆಯಾಯಿತು. ಬೀದರ ಜಿಲ್ಲೆಯ ಎಕಂಬಾದಂತಹ ಗಡಿಭಾಗದ ಊರಿನಲ್ಲೂ ಪುಟ್ಟ ಡಿಶ್ ಇದ್ದರೆ ಡಿಜಿಟಲ್ ಚಿತ್ರ ಮನೆಗೇ ಬರುವಂತಾಯಿತು. ಆದರೆ ಇಲ್ಲಿ ಆ ಮಿಡಿತವಿಲ್ಲ. ಚಿತ್ರವನ್ನು ಸಂಕುಚಿಸಿದಾಗ ಒಂದಕ್ಕೆ ಹೆಚ್ಚು ಬಿಟ್‌ಗಳು, ಮತ್ತೊಂದಕ್ಕೆ ಕಡಿಮೆ. ನಂತರ ತೋರಿಸಬೇಕಾದ ಚಿತ್ರವೇ ಕೆಲವೊಮ್ಮೆ ಮೊದಲು ಬರುತ್ತದೆ. ಹಲವು ವಾಹಿನಿಗಳ ಚಿತ್ರ, ಧ್ವನಿಗಳೆಲ್ಲ 188 ಬೈಟ್‌ಗಳ ಪೊಟ್ಟಣಗಳಾಗಿ ಬೆರೆತಿರುತ್ತವೆ. ಹೀಗೆ ಕಳೆದುಹೋದ ಕಾಲವನ್ನು ಅಂಕಿಗಳಲ್ಲಿ ಬರೆದೇ ಕಳಿಸಬೇಕು.

1994ರಲ್ಲಿ ಅಂತಿಮಗೊಂಡ ಎಂಪೆಗ್-2 ಮಾನಕ ಇದಕ್ಕೆ 27 ಮೆಗಾಹರ್ಟ್ಸ್ ಗಡಿಯಾರವನ್ನು ಆರಿಸಿತು. ಈ ಸಂಖ್ಯೆಗೆ ಹಿನ್ನೆಲೆಯಿದೆ. 625 ಗೆರೆಗಳ ಹಾಗೂ 525 ಗೆರೆಗಳ ಪದ್ಧತಿಗಳೆರಡಕ್ಕೂ ಹೊಂದುವ 13.5 ಮೆಗಾಹರ್ಟ್ಸ್ ಮಾದರಿ ದರವನ್ನು 1982ರಲ್ಲೇ ಒಪ್ಪಲಾಗಿತ್ತು. 27 ಅದರ ಇಮ್ಮಡಿ. ಅದನ್ನು 300ರಿಂದ ಭಾಗಿಸಿದರೆ ಸೆಕೆಂಡಿಗೆ 90,000 ಎಣಿಕೆ. ಚಿತ್ರಕ್ಕೂ ಧ್ವನಿಗೂ ಈ ಎಣಿಕೆಯಲ್ಲೇ ಕಾಲಮುದ್ರೆ ಒತ್ತುತ್ತಾರೆ. ನಮ್ಮ ಪದ್ಧತಿಯಲ್ಲಿ ಒಂದು ಚಿತ್ರಕ್ಕೆ 3600 ಎಣಿಕೆಗಳು. ಮುದ್ರೆಯ ಉದ್ದ 33 ಬಿಟ್; ಎಷ್ಟು ಗಂಟೆಗಳಲ್ಲಿ ಅದು ಮತ್ತೆ ಸೊನ್ನೆಗೆ ಮರಳುತ್ತದೆಂದು ವಿದ್ಯಾರ್ಥಿಗಳು ಲೆಕ್ಕ ಹಾಕಬಹುದು. ಉತ್ತರ, ಸುಮಾರು ಇಪ್ಪತ್ತಾರೂವರೆ.

ಮುದ್ರೆಯನ್ನು ಓದಲು ಸೆಟ್-ಟಾಪ್ ಪೆಟ್ಟಿಗೆಗೂ ಅದೇ ಗಡಿಯಾರ ಬೇಕಲ್ಲವೆ? ಮಾನಕ ಒಪ್ಪುವ ದೋಷ ಹತ್ತು ಲಕ್ಷಕ್ಕೆ 30 ಮಾತ್ರ. ಅಷ್ಟೇ ದೋಷವೂ ಸೇರುತ್ತ ಹೋದರೆ ದಿನಕ್ಕೆ 2.6 ಸೆಕೆಂಡ್! ಬಿಟ್‌ಗಳ ಸಂಗ್ರಹ ತುಂಬಿ ತುಳುಕುತ್ತದೆ, ಇಲ್ಲವೆ ಬರಿದಾಗುತ್ತದೆ. ಆದ್ದರಿಂದ ಹೆಚ್ಚೆಂದರೆ ಸೆಕೆಂಡಿನ ಹತ್ತನೇ ಒಂದು ಭಾಗಕ್ಕೊಮ್ಮೆ ಪ್ರಸಾರಕೇಂದ್ರದ ಗಡಿಯಾರದ ಓದು ಪೊಟ್ಟಣವೊಂದರಲ್ಲಿ ಬರುತ್ತದೆ. ಇದೇ ಪಿಸಿಆರ್. ಪೆಟ್ಟಿಗೆಯ ಸ್ಫಟಿಕ ಇದರೊಂದಿಗೆ ಹೋಲಿಸಿಕೊಂಡು ತನ್ನ ವೇಗವನ್ನು ತಿದ್ದಿಕೊಳ್ಳುತ್ತದೆ.

ಉಪಗ್ರಹ ಸುಮಾರು 36,000 ಕಿ.ಮೀ. ಎತ್ತರದಲ್ಲಿದೆ, ಹೋಗಿಬರಲು ಕಾಲು ಸೆಕೆಂಡ್ ಬೇಕು. ಇದರಿಂದ ತೊಂದರೆಯಿಲ್ಲ, ಏಕೆಂದರೆ ಎಲ್ಲ ಪೊಟ್ಟಣಗಳಿಗೂ ವಿಳಂಬ ಒಂದೇ. ತೊಂದರೆ ಕೊಡುವುದು ಏರುಪೇರಾಗುವ ವಿಳಂಬ. ವಾಹಿನಿಗಳನ್ನು ಮರುಬೆರೆಸುವ ಯಂತ್ರದಲ್ಲಿ ಪಿಸಿಆರ್ ಪೊಟ್ಟಣ ಸರದಿಗಾಗಿ ಕಾದರೆ, ಕಾದಷ್ಟು ಕಾಲವನ್ನು ಕೂಡಿಸಿ ಅದರ ಅಂಕಿಯನ್ನು ಅಲ್ಲೇ ತಿದ್ದಬೇಕು. ಇಲ್ಲದಿದ್ದರೆ ಎಕಂಬಾದ ಪೆಟ್ಟಿಗೆ ಆ ತಪ್ಪು ಗಡಿಯಾರವನ್ನೇ ನಂಬಿ ನಡೆಯುತ್ತದೆ.