ಮೇ ಒಂದರ ರಜೆ

ಬ್ಯಾಂಕಿನವರಿಗೆ ಮೇ 1 ಅಂದರೆ ಮೊದಲು ನೆನಪಾಗೋದು ರಜೆ. ಮಾರ್ಚ್ ಕೊನೆಯ ಲೆಕ್ಕ ಮುಗಿಸಿ, ಏಪ್ರಿಲ್ ತುಂಬ ಆಡಿಟರುಗಳಿಗೆ ಉತ್ತರ ಕೊಟ್ಟು, ಮುಂಬಯಿಯ ಸೆಕೆಯಲ್ಲಿ ಬೆಂದವರಿಗೆ ಅದೊಂದು ಸಮಾಧಾನ. ಈ ಸಲ ಹಿಂದಿನ ಸಂಜೆ ನಮ್ಮ ಶಾಖೆಯ ಹುಡುಗನೊಬ್ಬ ನಗುತ್ತಾ ಕೇಳಿದ, "ಸರ್, ನಾಳೆ ಮಹಾರಾಷ್ಟ್ರ ದಿನ. ನೀವು ಹೊರಗಿನವರು, ನಿಮಗೇಕೆ ರಜೆ?" ಕೇಳಿದ್ದು ತಮಾಷೆಗೇ. ಆದರೂ ಲೋಕಲ್ ಟ್ರೇನಿನಲ್ಲಿ ಮನೆ ಸೇರುವವರೆಗೂ ಅದೇ ತಲೆಯಲ್ಲಿ ಸುತ್ತುತ್ತಿತ್ತು.

ಬೇಸಿಗೆಯಲ್ಲಿ ಈ ರಾಜ್ಯಕ್ಕೆ ಬೇರೆ ದಿನಗಳೂ ಇವೆ. 1853ರ ಏಪ್ರಿಲ್ 16ರಂದು ಬೋರಿಬಂದರಿನಿಂದ ಠಾಣೆಗೆ ಮೊದಲ ರೈಲು ಹೋಯಿತು. 1674ರ ಜೂನ್ 6ರಂದು ರಾಯಗಡದಲ್ಲಿ ಶಿವಾಜಿಯ ಪಟ್ಟಾಭಿಷೇಕವಾಯಿತು. ಆದರೆ ನಮ್ಮ ಮನೆಗೆ ತಟ್ಟಿದ್ದು 1960ರ ಮೇ 1.

ನಮ್ಮಪ್ಪ ವಿಜಾಪುರದಿಂದ ಮುಂಬಯಿಗೆ ಬಂದದ್ದು 1952ರಲ್ಲಿ. ಆಗ ವಿಜಾಪುರ, ಧಾರವಾಡ, ಬೆಳಗಾವಿ, ಉತ್ತರ ಕನ್ನಡ ನಾಲ್ಕೂ ಜಿಲ್ಲೆಗಳು ಮುಂಬಯಿ ರಾಜ್ಯದಲ್ಲೇ ಇದ್ದವು. ಅಂದರೆ ಅಪ್ಪ ಪರರಾಜ್ಯಕ್ಕೆ ಬರಲಿಲ್ಲ, ತಮ್ಮದೇ ರಾಜಧಾನಿಗೆ ಬಂದರು. 1956ರ ನವೆಂಬರ್ 1ರಂದು ಆ ಜಿಲ್ಲೆಗಳು ಮೈಸೂರು ರಾಜ್ಯಕ್ಕೆ ಸೇರಿದವು. ಕನ್ನಡಿಗರ ಬಹುದಿನದ ಆಸೆ ಕೈಗೂಡಿತು. ಅಪ್ಪನ ಊರು ಒಂದು ರಾಜ್ಯ, ಅಪ್ಪನ ನೌಕರಿ ಇನ್ನೊಂದು ರಾಜ್ಯ ಆಯಿತು.

ಮರಾಠಿಗರಿಗೆ ಮಾತ್ರ ಅಂದು ಅವರ ರಾಜ್ಯ ಸಿಗಲಿಲ್ಲ. ಗುಜರಾತಿಗಳನ್ನೂ ಅವರನ್ನೂ ಒಟ್ಟಿಗೆ ಇಟ್ಟು ದ್ವಿಭಾಷಾ ಮುಂಬಯಿ ರಾಜ್ಯ ಮಾಡಿದರು. ಅದಕ್ಕೂ ಮೊದಲು ಮುಂಬಯಿ ನಗರವನ್ನು ಕೇಂದ್ರದ ಆಡಳಿತಕ್ಕೆ ಒಪ್ಪಿಸುವ ಯೋಚನೆಯೂ ಇತ್ತು. 1955ರ ನವೆಂಬರ್ 21ರಂದು ಫ್ಲೋರಾ ಫೌಂಟನ್ ಬಳಿ ಪೊಲೀಸರು ಗುಂಡು ಹಾರಿಸಿದರು. ಚಳವಳಿ ಮುಗಿಯುವ ಹೊತ್ತಿಗೆ ಸತ್ತವರ ಸಂಖ್ಯೆ ನೂರು ದಾಟಿತ್ತು.

ನಮ್ಮ ಕಸುಬಿನವರು ನೆನೆಯಬೇಕಾದ ಹೆಸರೊಂದಿದೆ. ರಿಸರ್ವ್ ಬ್ಯಾಂಕಿನ ಮೊದಲ ಭಾರತೀಯ ಗವರ್ನರ್ ಆಗಿದ್ದ ಸಿ. ಡಿ. ದೇಶಮುಖ್ ಆಗ ಕೇಂದ್ರದ ಅರ್ಥಮಂತ್ರಿ. ಮುಂಬಯಿಯನ್ನು ಮಹಾರಾಷ್ಟ್ರದಿಂದ ಬೇರೆ ಮಾಡುವುದನ್ನು ಒಪ್ಪದೆ 1956ರಲ್ಲಿ ರಾಜೀನಾಮೆ ಕೊಟ್ಟು ಹೊರಬಂದರು. 1957ರ ಚುನಾವಣೆಯಲ್ಲಿ ಸಂಯುಕ್ತ ಮಹಾರಾಷ್ಟ್ರ ಸಮಿತಿ ಕಾಂಗ್ರೆಸ್ಸಿಗೆ ಬಿಸಿ ಮುಟ್ಟಿಸಿತು. ಕೊನೆಗೆ 1960ರ ಮೇ 1ರಂದು ಮಹಾರಾಷ್ಟ್ರ, ಗುಜರಾತ್ ಎರಡೂ ಹುಟ್ಟಿದವು. ಯಶವಂತರಾವ್ ಚವಾಣ್ ಮಹಾರಾಷ್ಟ್ರದ ಮೊದಲ ಮುಖ್ಯಮಂತ್ರಿಯಾದರು.

ಹೀಗೆ ಎಂಟು ವರ್ಷದಲ್ಲಿ ಅಪ್ಪ ಮೂರು ರಾಜ್ಯ ಕಂಡರು, ಚಾಳಿನ ಅದೇ ಖೋಲಿಯಲ್ಲಿ ಕೂತು. ಯಾರಾದರೂ 'ಹೊರಗಿನವರು' ಅಂದರೆ ನಗುತ್ತಿದ್ದರು: "ತಮ್ಮಾ, ನಾ ಎಲ್ಲಿಂದ ಹೊರಗ ಬಂದೇನಿ? ನಾ ಇದ್ದಲ್ಲೇ ಅದೇನಿ. ಗಡಿ ಸರದಾವು." ನಗುತ್ತಿದ್ದರು ನಿಜ, ಆದರೆ ಆ ಮಾತು ಅವರಿಗೆ ನೋಯುತ್ತಿತ್ತು ಅಂತ ನನಗೆ ತಿಳಿದದ್ದು ತೀರ ತಡವಾಗಿ.

ಫೋರ್ಟಿನಲ್ಲಿ ಕೆಲಸ ಮಾಡುವಾಗ ವರ್ಷಗಟ್ಟಲೆ ಹುತಾತ್ಮ ಚೌಕ ದಾಟಿ ಹೋಗಿದ್ದೆ. ಪಂಜು ಹಿಡಿದ ಆ ಇಬ್ಬರ ಪ್ರತಿಮೆಯನ್ನು ಒಮ್ಮೆಯೂ ನಿಂತು ನೋಡಿರಲಿಲ್ಲ. ಈ ರಜೆಗೆ ಹೋಗಿ ನಿಂತೆ. ನಮ್ಮ ಭಾಷೆಯಲ್ಲಿ ನಮ್ಮ ಆಡಳಿತ ನಡೆಯಲಿ ಎಂದು ನಾವು ಕೇಳಿದ್ದನ್ನೇ ಇವರೂ ಕೇಳಿದರು. ನಮಗೆ ನವೆಂಬರದಲ್ಲಿ ಸಿಕ್ಕಿದ್ದು ಇವರಿಗೆ ಮೂರೂವರೆ ವರ್ಷ ತಡವಾಗಿ ಮೇ ತಿಂಗಳಲ್ಲಿ ಸಿಕ್ಕಿತು.

ಮರುದಿನ ಆ ಹುಡುಗನಿಗೆ ಚಹಾ ಕುಡಿಸುತ್ತಾ ಇಷ್ಟನ್ನೂ ಹೇಳಿದೆ. ಅವನು ಸುಮ್ಮನೆ ಕೇಳಿ, "ಇದು ನನಗೆ ಯಾರೂ ಹೇಳಿರಲಿಲ್ಲ ಸರ್" ಅಂದ. ನನ್ನ ಮಕ್ಕಳಿಗೆ ನಾನೂ ಹೇಳಿರಲಿಲ್ಲ. ಅವತ್ತು ರಾತ್ರಿ ಊಟಕ್ಕೆ ಕೂತಾಗ ಹೇಳಿದೆ.