ವೇಟಿಂಗ್ ಲಿಸ್ಟ್, ಡೈರೆಕ್ಟ್ ಫ್ಲೈಟ್, ಟ್ವಿನ್ ಶೇರಿಂಗ್: ಪ್ರವಾಸದ ಈ ಪದಗಳ ನಿಜವಾದ ಅರ್ಥವೇನು?

ರಜೆ ಹತ್ತಿರ ಬಂದರೆ ಸಾಕು, ವಾಟ್ಸಾಪ್ ಗುಂಪುಗಳಲ್ಲಿ ಪ್ರವಾಸದ ಸಲಹೆಗಳು ಹರಿದಾಡತೊಡಗುತ್ತವೆ. ‘ವೇಟಿಂಗ್ ಲಿಸ್ಟ್ ಇದ್ದರೂ ರೈಲು ಹತ್ತಿ, ಟಿಟಿಇ ಇಳಿಸುವಂತಿಲ್ಲ’ ಎಂದು ಒಂದು ಸಂದೇಶ ಹೇಳುತ್ತದೆ. ‘ನಾನ್ ರೀಫಂಡಬಲ್ ಟಿಕೆಟ್ ರದ್ದಾದರೆ ಒಂದು ರೂಪಾಯಿಯೂ ವಾಪಸ್ ಬರುವುದಿಲ್ಲ’ ಎನ್ನುತ್ತದೆ ಮತ್ತೊಂದು. ಎರಡೂ ತಪ್ಪು. ಟಿಕೆಟ್ ಮತ್ತು ಪ್ಯಾಕೇಜ್ ಮೇಲಿರುವ ಸಣ್ಣ ಪದಗಳೇ ನಿಮಗೆ ಸೀಟು ಸಿಗುತ್ತದೆಯೇ, ಹಣ ವಾಪಸ್ ಬರುತ್ತದೆಯೇ ಎಂಬುದನ್ನು ನಿರ್ಧರಿಸುತ್ತವೆ. ಹೆಚ್ಚು ಗೊಂದಲ ಹುಟ್ಟಿಸುವ ಪದಗಳನ್ನು ಇಲ್ಲಿ ನೋಡೋಣ.

ಆರ್‌ಎಸಿ ಮತ್ತು ವೇಟಿಂಗ್ ಲಿಸ್ಟ್ ಒಂದೇನಾ?

ಅಲ್ಲ. ಆರ್‌ಎಸಿ ಎಂದರೆ ಬೇರೆಯವರು ಟಿಕೆಟ್ ರದ್ದು ಮಾಡಿದರೆ ನಿಮಗೆ ಬರ್ತ್ ಸಿಗುವ ವ್ಯವಸ್ಥೆ. ಅಲ್ಲಿಯವರೆಗೆ ಸೈಡ್ ಲೋಯರ್ ಬರ್ತನ್ನು ಇಬ್ಬರು ಹಂಚಿಕೊಂಡು ಕುಳಿತು ಪ್ರಯಾಣಿಸಬೇಕು. ಮಲಗಲು ಜಾಗ ಸಿಗದೇ ಹೋಗಬಹುದು, ಆದರೆ ರೈಲು ಹತ್ತುವ ಹಕ್ಕು ನಿಮಗಿದೆ.

ವೇಟಿಂಗ್ ಲಿಸ್ಟ್‌ನವರಿಗೆ ಆ ಹಕ್ಕಿಲ್ಲ. ಆನ್‌ಲೈನ್‌ನಲ್ಲಿ ತೆಗೆದ ಟಿಕೆಟ್‌ನಲ್ಲಿ ಎಲ್ಲರೂ ವೇಟಿಂಗ್‌ನಲ್ಲೇ ಉಳಿದರೆ, ಚಾರ್ಟ್ ಸಿದ್ಧವಾದ ಮೇಲೆ ಅದು ತಾನಾಗಿಯೇ ರದ್ದಾಗುತ್ತದೆ. ಸಣ್ಣ ಶುಲ್ಕ ಕಳೆದು ಉಳಿದ ಹಣ ಖಾತೆಗೆ ವಾಪಸ್ ಬರುತ್ತದೆ. ರದ್ದಾದ ಆ ಟಿಕೆಟ್ ಹಿಡಿದು ರೈಲು ಹತ್ತಿದರೆ ನೀವು ಟಿಕೆಟ್ ಇಲ್ಲದ ಪ್ರಯಾಣಿಕ. ಕೌಂಟರ್‌ನಲ್ಲಿ ತೆಗೆದ ಟಿಕೆಟ್ ತಾನಾಗಿ ರದ್ದಾಗುವುದಿಲ್ಲ. ಹಣ ಬೇಕಿದ್ದರೆ ರೈಲು ಹೊರಡುವುದಕ್ಕೆ ಕನಿಷ್ಠ 30 ನಿಮಿಷ ಮೊದಲೇ ನೀವೇ ರದ್ದು ಮಾಡಿಸಬೇಕು. ಆ ಟಿಕೆಟ್‌ನಲ್ಲಿಯೂ ಸ್ಲೀಪರ್ ಅಥವಾ ಎಸಿ ಬೋಗಿಯಲ್ಲಿ ಪ್ರಯಾಣಿಸುವಂತಿಲ್ಲ, ಜನರಲ್ ಬೋಗಿಯಲ್ಲಿ ಮಾತ್ರ ಹೋಗಬಹುದು.

ವೇಟಿಂಗ್ ಲಿಸ್ಟ್‌ನಲ್ಲೂ ಬಗೆಗಳಿವೆ. ಜಿಎನ್‌ಡಬ್ಲ್ಯೂಎಲ್ ಎಂಬುದು ಸಾಮಾನ್ಯ ಪಟ್ಟಿ, ಕನ್ಫರ್ಮ್ ಆಗುವ ಸಾಧ್ಯತೆ ಇದರಲ್ಲೇ ಹೆಚ್ಚು. ಮೈಸೂರಿನಿಂದ ಹೊರಡುವ ರೈಲನ್ನು ಅರಸೀಕೆರೆಯಂಥ ನಡುವಿನ ನಿಲ್ದಾಣದಲ್ಲಿ ಹತ್ತುವವರಿಗೆ ಪಿಕ್ಯೂಡಬ್ಲ್ಯೂಎಲ್ ಅಥವಾ ಆರ್‌ಎಲ್‌ಡಬ್ಲ್ಯೂಎಲ್ ಪಟ್ಟಿ ಬರಬಹುದು. ಇವುಗಳ ಕೋಟಾ ಚಿಕ್ಕದು, ಆದ್ದರಿಂದ ಸಂಖ್ಯೆ 5 ಇದ್ದರೂ ಸೀಟು ಸಿಗದೇ ಇರಬಹುದು. ಟಿಕೆಟ್ ಮೇಲೆ ‘40/12’ ಎಂದಿದ್ದರೆ ಬುಕ್ ಮಾಡಿದಾಗ ನಿಮ್ಮ ಸ್ಥಾನ 40, ಈಗ 12 ಎಂದರ್ಥ.

ಡೈರೆಕ್ಟ್ ಫ್ಲೈಟ್ ಎಂದರೆ ಎಲ್ಲೂ ನಿಲ್ಲದ ವಿಮಾನವೇ?

ಹೆಚ್ಚಿನವರು ಹಾಗೇ ಅಂದುಕೊಂಡಿದ್ದಾರೆ. ಎಲ್ಲೂ ಇಳಿಯದೆ ನೇರವಾಗಿ ಹೋಗುವುದು ನಾನ್‌ಸ್ಟಾಪ್. ಡೈರೆಕ್ಟ್ ಎಂದರೆ ಇಡೀ ಪ್ರಯಾಣಕ್ಕೆ ಒಂದೇ ಫ್ಲೈಟ್ ನಂಬರ್ ಎಂದಷ್ಟೇ ಅರ್ಥ, ನಡುವೆ ಒಂದು ಊರಿನಲ್ಲಿ ಇಳಿದು ಮತ್ತೆ ಹಾರಬಹುದು. ಕನೆಕ್ಟಿಂಗ್ ಎಂದರೆ ವಿಮಾನವನ್ನೇ ಬದಲಿಸಬೇಕು, ನಡುವೆ ಕಾಯುವ ಸಮಯವೇ ಲೇಓವರ್.

ಕನೆಕ್ಟಿಂಗ್ ಪ್ರಯಾಣ ಒಂದೇ ಬುಕಿಂಗ್‌ನಲ್ಲಿದೆಯೇ ಎಂದು ತಪ್ಪದೇ ನೋಡಿ. ಹಣ ಉಳಿಸಲು ಎರಡು ಕಂಪನಿಗಳ ಟಿಕೆಟ್‌ಗಳನ್ನು ಬೇರೆ ಬೇರೆಯಾಗಿ ತೆಗೆದುಕೊಂಡರೆ, ಮೊದಲ ವಿಮಾನ ತಡವಾಗಿ ಎರಡನೆಯದು ತಪ್ಪಿದಾಗ ಎರಡನೇ ಕಂಪನಿಗೆ ಯಾವ ಹೊಣೆಯೂ ಇರುವುದಿಲ್ಲ. ನಡುವೆ ಲಗೇಜನ್ನು ನೀವೇ ತೆಗೆದುಕೊಂಡು ಮತ್ತೆ ಚೆಕ್ ಇನ್ ಮಾಡಬೇಕಾಗುತ್ತದೆ.

ನಾನ್ ರೀಫಂಡಬಲ್ ಎಂದರೆ ಎಲ್ಲ ಹಣವೂ ಹೋಯಿತೇ?

ಇಲ್ಲ. ಮೂಲ ದರ ವಾಪಸ್ ಸಿಗದಿರಬಹುದು. ಆದರೆ ವಿಮಾನಯಾನ ನಿಯಂತ್ರಕ ಸಂಸ್ಥೆಯಾದ ಡಿಜಿಸಿಎ ನಿಯಮದ ಪ್ರಕಾರ, ತೆರಿಗೆಗಳನ್ನೂ ವಿಮಾನ ನಿಲ್ದಾಣದ ಬಳಕೆದಾರರ ಶುಲ್ಕವನ್ನೂ ಕಂಪನಿ ಹಿಂದಿರುಗಿಸಬೇಕು. ಆಫರ್ ಟಿಕೆಟ್‌ಗೂ, ಪ್ರಯಾಣಕ್ಕೇ ಹೋಗದ ‘ನೋ ಶೋ’ ಪ್ರಯಾಣಿಕರಿಗೂ ಇದು ಅನ್ವಯಿಸುತ್ತದೆ. ಕೇಳದೇ ಬಿಟ್ಟರೆ ನಷ್ಟ ನಿಮಗೇ.

‘ಒಬ್ಬರಿಗೆ 6,000 ರೂ., ಟ್ವಿನ್ ಶೇರಿಂಗ್’

ಪ್ಯಾಕೇಜ್ ಜಾಹೀರಾತಿನಲ್ಲಿ ಕಾಣುವ ಈ ಸಾಲು ಹೇಳುವುದೇನು? ಒಂದು ಕೊಠಡಿಯಲ್ಲಿ ಇಬ್ಬರು ಉಳಿದರೆ ತಲಾ 6,000 ರೂ. ದಂಪತಿ ಕೊಡಬೇಕಾದ್ದು 12,000 ರೂ. ಒಬ್ಬರೇ ಹೋದರೆ 6,000ಕ್ಕೆ ಮುಗಿಯುವುದಿಲ್ಲ, ಇಡೀ ಕೊಠಡಿ ಬಳಸುವುದಕ್ಕೆ ಹೆಚ್ಚುವರಿ ಹಣ ಕೇಳುತ್ತಾರೆ.

ಊಟದ ಲೆಕ್ಕಕ್ಕೂ ಸಂಕೇತಗಳಿವೆ. ಇಪಿ ಎಂದರೆ ಕೊಠಡಿ ಮಾತ್ರ. ಸಿಪಿ ಎಂದರೆ ಕೊಠಡಿ ಮತ್ತು ಬೆಳಗಿನ ತಿಂಡಿ. ಎಂಎಪಿ ಎಂದರೆ ತಿಂಡಿಯ ಜೊತೆ ಒಂದು ಊಟ. ಎಪಿ ಎಂದರೆ ತಿಂಡಿ, ಎರಡೂ ಹೊತ್ತಿನ ಊಟ. ಎರಡು ಹೋಟೆಲ್‌ಗಳ ದರ ಹೋಲಿಸುವ ಮೊದಲು ಎರಡೂ ಒಂದೇ ಪ್ಲಾನ್‌ನವೇ ಎಂದು ನೋಡಿ.

‘3 ದಿನ, 2 ರಾತ್ರಿ’ ಎಂದಾಗ ರಾತ್ರಿಗಳನ್ನು ಎಣಿಸಿ, ದಿನಗಳನ್ನಲ್ಲ. ರಾತ್ರಿ ಬಸ್ಸಿನಲ್ಲಿ ಹೊರಟು ಬೆಳಗಿನ ಜಾವ ಮಡಿಕೇರಿ ತಲುಪಿದರೂ, ಚೆಕ್ ಇನ್ ಸಮಯ ಮಧ್ಯಾಹ್ನವಾಗಿದ್ದರೆ ಕೊಠಡಿ ಸಿಗುವುದು ಆಗಲೇ. ಮೊದಲೇ ಬೇಕೆಂದರೆ ಅರ್ಲಿ ಚೆಕ್ ಇನ್ ಶುಲ್ಕ ಇದೆಯೇ ಎಂದು ಬುಕ್ ಮಾಡುವಾಗಲೇ ಕೇಳಿ.

ವೀಸಾ ಬೇಡ ಎಂದರೆ ಆಧಾರ್ ಸಾಕೇ?

ವೀಸಾ ಫ್ರೀ ಎಂದರೆ ವೀಸಾ ಬೇಡ. ವೀಸಾ ಆನ್ ಅರೈವಲ್ ಎಂದರೆ ಅಲ್ಲಿಗೆ ಇಳಿದ ಮೇಲೆ ಪಡೆಯುವ ವೀಸಾ. ಇ-ವೀಸಾ ಎಂದರೆ ಹೊರಡುವ ಮೊದಲೇ ಆನ್‌ಲೈನ್‌ನಲ್ಲಿ ಅರ್ಜಿ ಹಾಕಿ ಪಡೆಯಬೇಕಾದದ್ದು. ಈ ಮೂರನ್ನೂ ಒಂದೇ ಎಂದು ತಿಳಿದರೆ ವಿಮಾನ ನಿಲ್ದಾಣದಿಂದಲೇ ಮನೆಗೆ ಮರಳಬೇಕಾದೀತು.

ನೇಪಾಳಕ್ಕೆ ಭಾರತೀಯರಿಗೆ ವೀಸಾ ಬೇಡ ಎಂಬುದು ನಿಜ. ಆದರೆ ವಿಮಾನದಲ್ಲಿ ಹೋಗುವವರು ಪಾಸ್‌ಪೋರ್ಟ್ ಅಥವಾ ಮತದಾರರ ಗುರುತಿನ ಚೀಟಿ ತೋರಿಸಬೇಕು. 15ರಿಂದ 65 ವರ್ಷದವರಿಗೆ ಆಧಾರ್ ಒಂದೇ ಸಾಲದು.

ಪಿಎನ್‌ಆರ್ ಬರೀ ನಂಬರ್ ಅಲ್ಲ

ರೈಲು ಟಿಕೆಟ್‌ನಲ್ಲಿ 10 ಅಂಕಿ, ವಿಮಾನ ಟಿಕೆಟ್‌ನಲ್ಲಿ ಸಾಮಾನ್ಯವಾಗಿ 6 ಅಕ್ಷರ ಮತ್ತು ಅಂಕಿಗಳ ಈ ಗುರುತು ನಿಮ್ಮ ಬುಕಿಂಗ್‌ನ ಕೀಲಿಕೈ ಇದ್ದಂತೆ. ಅನೇಕ ವಿಮಾನಯಾನ ಕಂಪನಿಗಳ ಜಾಲತಾಣದಲ್ಲಿ ಪಿಎನ್‌ಆರ್ ಮತ್ತು ಪ್ರಯಾಣಿಕರ ಹೆಸರಿನ ಕೊನೆಯ ಭಾಗ ಗೊತ್ತಿದ್ದರೆ ಸಾಕು, ಯಾರು ಬೇಕಾದರೂ ಬುಕಿಂಗ್ ತೆರೆಯಬಹುದು. ಬೋರ್ಡಿಂಗ್ ಪಾಸ್‌ನ ಬಾರ್‌ಕೋಡ್‌ನಲ್ಲೂ ಈ ಮಾಹಿತಿ ಇರುತ್ತದೆ. ಖುಷಿಯಲ್ಲಿ ಅದರ ಫೋಟೊವನ್ನು ಸ್ಟೇಟಸ್‌ಗೆ ಹಾಕಬೇಡಿ. ಹಾಕಲೇಬೇಕೆಂದರೆ ಪ್ರಯಾಣ ಮುಗಿಸಿ ಬಂದ ಮೇಲೆ, ನಂಬರ್ ಮತ್ತು ಬಾರ್‌ಕೋಡ್ ಮುಚ್ಚಿ ಹಾಕಿ.

ಪ್ರವಾಸದ ನಿಯಮಗಳು ಆಗಾಗ ಬದಲಾಗುತ್ತವೆ. ಹಾಗಾಗಿ ‘ಹೀಗೆ ಮಾಡಿದರೆ ಸೀಟು ಗ್ಯಾರಂಟಿ’ ಎಂಬಂಥ ಸಂದೇಶ ಬಂದರೆ ಫಾರ್ವರ್ಡ್ ಮಾಡುವ ಮೊದಲು ರೈಲ್ವೆ ಸಹಾಯವಾಣಿ 139ಕ್ಕೆ ಅಥವಾ ಸಂಬಂಧಪಟ್ಟ ಕಂಪನಿಗೆ ಕರೆ ಮಾಡಿ ಕೇಳಿ. ನಿಮ್ಮ ಒಂದು ಫಾರ್ವರ್ಡ್ ನಂಬಿ ಯಾರೋ ಮಕ್ಕಳು ಮರಿಗಳೊಂದಿಗೆ ನಡುರಾತ್ರಿ ಪ್ಲಾಟ್‌ಫಾರ್ಮ್‌ನಲ್ಲಿ ಇಳಿಯುವಂತಾಗಬಾರದು.