ಗೆರೆ ಹಗ್ಗವಾದ ಬಗೆ

1992ರ ಡಿಸೆಂಬರ್ 6ರಂದು ಅಯೋಧ್ಯೆಯಲ್ಲಿ ಬಾಬರಿ ಮಸೀದಿ ಉರುಳಿತು. ಆ ತಿಂಗಳಲ್ಲೂ ಮುಂದಿನ ಜನವರಿಯಲ್ಲೂ ಮುಂಬೈ ಹೊತ್ತಿ ಉರಿಯಿತು. ಇದನ್ನೆಲ್ಲ ಚಿತ್ರದಲ್ಲಿ ಹೇಗೆ ಹೇಳುವುದು ಎಂಬ ಪ್ರಶ್ನೆ ಆಗ ದೇಶದ ಅನೇಕ ಕಲಾವಿದರನ್ನು ಕಾಡಿತು. ಬೆಂಗಳೂರಿನ ಶೀಲಾ ಗೌಡ ಅವರು ಆ ವರ್ಷಗಳಲ್ಲಿ ಎಣ್ಣೆಬಣ್ಣವನ್ನು ಬದಿಗಿಟ್ಟು ಸೆಗಣಿ ಕೈಗೆತ್ತಿಕೊಂಡರು.

ಇದು ಸಣ್ಣ ತಿರುವಲ್ಲ. 1957ರಲ್ಲಿ ಭದ್ರಾವತಿಯಲ್ಲಿ ಹುಟ್ಟಿದ ಅವರು ಕಲಿತದ್ದೆಲ್ಲ ಚಿತ್ರಕಲೆಯನ್ನೇ. ಮೊದಲು ಆರ್.ಎಂ. ಹಡಪದ್ ಅವರು ಕಟ್ಟಿದ ಬೆಂಗಳೂರಿನ ಕೆನ್ ಕಲಾಶಾಲೆ, ಆಮೇಲೆ ಕೆ.ಜಿ. ಸುಬ್ರಮಣ್ಯನ್ ಅವರಿದ್ದ ಶಾಂತಿನಿಕೇತನ, ಕೊನೆಗೆ ಲಂಡನ್ನಿನ ರಾಯಲ್ ಕಾಲೇಜ್ ಆಫ್ ಆರ್ಟ್. ಅಲ್ಲಿಂದ 1986ರಲ್ಲಿ ಸ್ನಾತಕೋತ್ತರ ಪದವಿ ಪಡೆದರು. ಅವರ ಆರಂಭದ ಕ್ಯಾನ್ವಾಸುಗಳಲ್ಲಿ ಮನುಷ್ಯಾಕೃತಿಗಳಿದ್ದವು. ವರ್ಷಗಟ್ಟಲೆ ಪಳಗಿಸಿಕೊಂಡ ಆ ಭಾಷೆಯನ್ನು ಬಿಟ್ಟು ಅವರು ಹೊರಬರಬೇಕಿತ್ತು.

ಸೆಗಣಿಯೇ ಏಕೆ? ಅಂಗಳ ಸಾರಿಸುವ, ಬೆರಣಿ ತಟ್ಟುವ ಹೆಂಗಸರ ದಿನನಿತ್ಯದ ದುಡಿಮೆ ಅದರಲ್ಲಿದೆ. ಪೂಜೆಯ ಪಾವಿತ್ರ್ಯವಿದೆ. ಗೋವು ರಾಜಕೀಯದ ಗುರುತಾಗಿರುವ ದೇಶದಲ್ಲಿ ಅದಕ್ಕೆ ಇನ್ನೊಂದು ಅರ್ಥವೂ ಅಂಟಿಕೊಂಡಿದೆ. ಚಿತ್ರದಲ್ಲಿ ಒಂದು ಹಸುವನ್ನೂ ಬಿಡಿಸದೆ ಇಷ್ಟನ್ನೂ ಹೇಳಬಹುದಿತ್ತು. ಶೀಲಾ ಗೌಡ ಅವರ ಅಮೂರ್ತ ಕಲೆ ಶುರುವಾಗುವುದೇ ಇಲ್ಲಿ: ಆಕೃತಿ ಹಿಂದೆ ಸರಿಯುತ್ತದೆ, ಅದು ಹೊತ್ತಿದ್ದ ಭಾರವನ್ನು ವಸ್ತು ಹೊರುತ್ತದೆ.

1998ರ ಒಂದು ಕೃತಿಯ ಹೆಸರನ್ನು ಕನ್ನಡದಲ್ಲಿ 'ಮತ್ತು ಅವನಿಗೆ ನನ್ನ ನೋವನ್ನು ಹೇಳು' ಎನ್ನಬಹುದು. ಸೂಜಿಯ ಕಣ್ಣಿನಲ್ಲಿ ಬಲು ಉದ್ದದ ದಾರವನ್ನು ಪೂರ್ತಿ ಎಳೆಯುವುದು. ಹಾಗೆಯೇ ಮತ್ತೊಂದು ಸೂಜಿ, ಮತ್ತೊಂದು ದಾರ. ಆ ಎಳೆಗಳನ್ನೆಲ್ಲ ಒಟ್ಟಿಗೆ ಸೇರಿಸಿ, ಅಂಟು ಮತ್ತು ಕುಂಕುಮ ಬಳಿದರೆ ಕೆಂಪು ಹಗ್ಗ. ತುದಿಯಲ್ಲಿ ಸೂಜಿಗಳು ಗೊಂಚಲಾಗಿ ತೂಗುತ್ತವೆ. ದೂರದಿಂದ ನೋಡಿದರೆ ಬಿಳಿ ಗೋಡೆಯ ಮೇಲೆ, ನೆಲದ ಮೇಲೆ ಹರಿದಾಡುವ ಕೆಂಪು ಗೆರೆ. ಅಪ್ಪಟ ಚಿತ್ರಕಾರರ ಗೆರೆ. ಹತ್ತಿರ ಹೋದರೆ ಅದಕ್ಕೆ ತೂಕವಿದೆ, ಚುಚ್ಚುವ ಮೊನೆಯಿದೆ. ಬಣ್ಣ ಹಣೆಯ ಕುಂಕುಮದ್ದೂ ಹೌದು, ರಕ್ತದ್ದೂ ಹೌದು. ಇದು ಚಿತ್ರವೋ ಶಿಲ್ಪವೋ ಎಂಬ ಪ್ರಶ್ನೆಗಿಂತ, ಇದರ ಹಿಂದಿನ ಕೈಗಳು ಎಷ್ಟು ಹೊತ್ತು ದುಡಿದವು ಎಂಬ ಯೋಚನೆಯೇ ನೋಡುಗರಲ್ಲಿ ಉಳಿಯುತ್ತದೆ.

2009ರ ವೆನಿಸ್ ಬಿಯೆನಾಲೆಯಲ್ಲಿ ಆ ಗೆರೆ ಕಪ್ಪಾಯಿತು. ದೃಷ್ಟಿ ತಾಗದಿರಲೆಂದು ಬೆಂಗಳೂರಿನ ವಾಹನಗಳ ಬಂಪರಿಗೆ ಕೂದಲ ಹಗ್ಗ ಕಟ್ಟುವುದುಂಟು. ದೇವಸ್ಥಾನಗಳಲ್ಲಿ ಮುಡಿ ಕೊಟ್ಟ ಕೂದಲಲ್ಲಿ ಉದ್ದನೆಯದು ವಿಗ್ಗಿನ ವ್ಯಾಪಾರಕ್ಕೆ ಹೋಗುತ್ತದೆ, ತುಂಡು ಕೂದಲು ಹಗ್ಗವಾಗುತ್ತದೆ. ಅಂಥ ಸುಮಾರು 4 ಕಿಲೋಮೀಟರ್ ಹಗ್ಗದಲ್ಲಿ 20ರಷ್ಟು ಉಕ್ಕಿನ ಬಂಪರುಗಳನ್ನು ಅವರು ತೂಗುಹಾಕಿದರು. ಬಂಪರನ್ನು ಕಾಯಬೇಕಾದ ಕೂದಲು ಇಲ್ಲಿ ಅದನ್ನು ಹೊತ್ತೂ ನಿಂತಿತು. ಆ ಕೃತಿ ಈಗ ಲಂಡನ್ನಿನ ಟೇಟ್ ಸಂಗ್ರಹದಲ್ಲಿದೆ.

ಇನ್ನೊಂದು ಕೃತಿಗೆ ಅವರಿಟ್ಟ ಹೆಸರು ಕನ್ನಡದ್ದೇ: 'ಕಾಗೆಬಂಗಾರ'. ರಸ್ತೆ ಕೆಲಸದವರು ಖಾಲಿ ಟಾರು ಡ್ರಮ್ಮುಗಳನ್ನು ಬಡಿದು ಹಾಳೆ ಮಾಡಿ, ಮೇಲೆ ಟಾರ್ಪಾಲು ಹೊದಿಸಿ ಗುಡಿಸಲು ಕಟ್ಟಿಕೊಳ್ಳುತ್ತಾರಲ್ಲ, ಅದೇ ಸಾಮಾನು ಇಲ್ಲಿಯದೂ. ಕಪ್ಪು ತಗಡು, ನೀಲಿ ಮತ್ತು ಹಳದಿ ಟಾರ್ಪಾಲು ಚೌಕಚೌಕವಾಗಿ ನಿಂತಾಗ ಯುರೋಪಿನ ನೋಡುಗರಿಗೆ ಮೊಂಡ್ರಿಯನ್ ನೆನಪಾಗಬಹುದು. ಅದು ತಪ್ಪೇನಲ್ಲ. ಆದರೆ ಹೆದ್ದಾರಿಯ ಬದಿಯಲ್ಲಿ ಅಂಥ ಗುಡಿಸಲನ್ನು ಬಸ್ಸಿನ ಕಿಟಕಿಯಿಂದ ಕಂಡವರಿಗೆ ಆ ಚೌಕಗಳೊಳಗೆ ಮಲಗುವ ಮಕ್ಕಳೂ ಕಾಣುತ್ತಾರೆ.

ಕಾಗೆಬಂಗಾರವೆಂದರೆ ಅಭ್ರಕ, ಇಂಗ್ಲಿಷಿನಲ್ಲಿ ಮೈಕಾ. ಆ ಎರಡು ಹೆಸರುಗಳಿಂದ ಖನಿಜ ಯಾವುದೆಂದು ತಿಳಿಯುತ್ತದೆ. ಕನ್ನಡದ ಹೆಸರಿನಲ್ಲಿ ಅದರ ಜೊತೆಗೆ ಕಾಗೆಯ ಕಪ್ಪೂ ಇದೆ, ಬಂಗಾರದ ಆಸೆಯೂ ಇದೆ.